ಗೇಟಿನೆದುರಿನ ಭಾನುವಾರ

"ಇವತ್ತು ಯಾವ ವಾರ?"

ಮುದುಕ ಲುಬ್ಬೆರ್ಟ್ ಇದನ್ನು ಯಾರನ್ನೂ ಕೇಳಲಿಲ್ಲ. ಕಾರಿನ ಹಿಂದೆ ಎಳೆದು ತಂದಿದ್ದ ಕ್ಯಾರವಾನಿನ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು, ಹೊರಗಿನ ಒದ್ದೆ ಹುಲ್ಲನ್ನೋ, ಹುಲ್ಲಿನಾಚೆಯ ಬೇಲಿಯನ್ನೋ, ಬೇಲಿಯಾಚೆ ಇನ್ನೂ ಎಚ್ಚರಾಗದೆ ನಿಂತಿದ್ದ ಕಬ್ಬಿಣದ ಹಳಿಗಳ ಸುರುಳಿಯನ್ನೋ ಕೇಳಿದ ಹಾಗಿತ್ತು. ಗ್ಯಾಸಿನ ಒಲೆಯ ಮೇಲೆ ಕಾಫಿಗೆ ನೀರಿಟ್ಟು ನಿಂತಿದ್ದ ಮಗ ಗೆರ್ಬೆನ್ ತಿರುಗಿ ನೋಡಲಿಲ್ಲ. ನೆಟ್ಟಗೆ ನಿಂತರೆ ತಲೆ ಮೇಲಿನ ಕಪಾಟಿಗೆ ಬಡಿಯುತ್ತಿತ್ತು. ಮನೆ ಬಿಟ್ಟಂದಿನಿಂದ ಬಡಿಸಿಕೊಂಡು ಬಡಿಸಿಕೊಂಡು ಕತ್ತು ತಾನಾಗಿಯೇ ಬಾಗುವುದನ್ನು ಕಲಿತುಬಿಟ್ಟಿತ್ತು. ಹೀಗೆ ಬಾಗಿ, ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ಸೇರಿಸಿಕೊಂಡು ನಿಂತಿರುವುದು ಊಟಕ್ಕೆ ಮೊದಲು ಅಪ್ಪ ನಿಲ್ಲುತ್ತಿದ್ದ ರೀತಿಯೇ ಎಂದು ಹೊಳೆದ ಕೂಡಲೇ ಕೈಗಳನ್ನು ಬಿಡಿಸಿ ಒಂದನ್ನು ಜೇಬಿಗೆ ತುರುಕಿಕೊಂಡ.

"ಶನಿವಾರ, ಅಜ್ಜ," ಎಂದಳು ಫೆನ್ನಾ, ಬ್ರೆಡ್ಡಿನ ಮೇಲೆ ಚಾಕೊಲೇಟಿನ ಪುಡಿ ಸುರಿದುಕೊಳ್ಳುತ್ತ. ಹತ್ತು ವರ್ಷದ ಹುಡುಗಿಯ ಮುಖದಲ್ಲಿ ಸುಳ್ಳಿನ ಒಂದು ಗೆರೆಯೂ ಇರಲಿಲ್ಲ.

"ಶನಿವಾರ," ಎಂದು ಮುದುಕ ಗಾಜಿಗೆ ಹೇಳಿದ. "ಒಳ್ಳೇದು. ನಾಳೆಗೆ ಆಲೂಗಡ್ಡೆ ಸುಲಿದಿಡೋಕೆ ಹೇಳು ನಿಮ್ಮಮ್ಮನಿಗೆ."

"ಸುಲಿದಿದ್ದೀನಿ ಮಾವ, ನೀರಲ್ಲಿ ಹಾಕಿಟ್ಟಿದ್ದೀನಿ," ಎಂದಳು ಲಿಡ್ವೀನ್, ಗಂಡನ ಕಡೆ ಹುಬ್ಬು ಹಾರಿಸಿ. ಅವಳು ಆಲೂಗಡ್ಡೆ ಮುಟ್ಟಿಯೇ ಇರಲಿಲ್ಲ. ಊರಿನಿಂದ ಮೂಟೆ ಕಟ್ಟಿ ತಂದ ಆಲೂಗಡ್ಡೆ ಕ್ಯಾರವಾನಿನ ಸೀಟಿನಡಿ ಮಣ್ಣಿನ ವಾಸನೆ ಹೊಡೆಯುತ್ತ ಬಿದ್ದಿತ್ತು. ಗಡಿಯಾಚೆಯ ಈ ಜರ್ಮನಿಯಲ್ಲಿ ಆಲೂಗಡ್ಡೆ ಸಿಗುವುದಿಲ್ಲವೇನೋ ಎಂಬಂತೆ ಪ್ರತಿ ಸಲ ಇದನ್ನು ಹೊತ್ತು ತರುವ ಈ ಗಂಡನ ಮನೆಯವರ ಚಾಳಿಯನ್ನು ಅವಳು ತವರಿನವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಶನಿವಾರದ ಏರ್ಪಾಟು ಅವಳದೇ. ನಿನ್ನೆ ಸಂಜೆ, ಕ್ಯಾರವಾನಿನ ನಾಲ್ಕು ಮೂಲೆಯ ಕಾಲುಗಳನ್ನು ತಿರುಗಿಸಿ ಇಳಿಸುತ್ತಿದ್ದಾಗ, ಮಾವ ಕಾರಿನಲ್ಲಿ ತೂಕಡಿಸುತ್ತಿರುವುದನ್ನು ನೋಡಿಕೊಂಡು, ಮಗಳನ್ನೂ ಗಂಡನನ್ನೂ ಹತ್ತಿರ ಕರೆದು ಹೇಳಿದ್ದಳು: "ನಾಳೆ ಕೇಳಿದ್ರೆ ಶನಿವಾರ ಅನ್ನೋದು. ಇಡೀ ದಿನ ಶನಿವಾರ. ಊರಿಗೆ ಹೋದ್ಮೇಲೆ ಅವರ ಭಾನುವಾರ ಅವರಿಗೆ ವಾಪಸ್ ಕೊಟ್ಟುಬಿಡೋಣ, ಹೋಗೋದೇನಿದೆ." ಲೆಕ್ಕದ ಪ್ರಕಾರ ಶನಿವಾರವೇ ಬೇಲಿಯಾಚೆಯ ಆಟದ ಪಾರ್ಕಿನೊಳಗೆ ಇರಬೇಕಿತ್ತು. ಗುಡ್ಡದ ಏರಿನಲ್ಲಿ ಕ್ಯಾರವಾನಿನ ಟಯರು ಒಡೆದು, ರಸ್ತೆ ಬದಿಯ ಗ್ಯಾರೇಜಿನವನು ಅದೇ ಅಳತೆಯದು ಬೇರೆ ಊರಿಂದ ಬರಬೇಕು ಎಂದು ಕೈ ಚೆಲ್ಲಿ, ಒಂದು ದಿನ ಅಲ್ಲೇ ಕೊಳೆಯಿತು. ಮಂಗಳವಾರ ಬೆಳಿಗ್ಗೆ ಲಿಡ್ವೀನ್ ಆಸ್ಪತ್ರೆಯ ಡ್ಯೂಟಿಗೆ ಹೋಗಲೇಬೇಕು, ಸೋಮವಾರವೆಲ್ಲ ದಾರಿ. ಉಳಿದದ್ದು ಭಾನುವಾರ ಒಂದೇ, ಅಪ್ಪನ ಪಾಲಿಗೆ ಕೆಲಸ, ಪ್ರಯಾಣ, ಆಟ ಯಾವುದೂ ಕೂಡದ ದೇವರ ದಿನ. ಬೇರೆ ವಾರಗಳು ಇರಲೇ ಇಲ್ಲವೇನೋ, ಈ ವಂಶಕ್ಕೆಂದೇ ಯಾರೋ ಕೂತು ಇದೊಂದನ್ನು ಹೆಕ್ಕಿ ಕೊಡುತ್ತಾರೇನೋ ಎಂದು ಸ್ಟಿಯರಿಂಗನ್ನು ಗುದ್ದಿದ್ದ ಗೆರ್ಬೆನ್. ಹಿಂದಿನ ಸೀಟಿನಲ್ಲಿ ಅಪ್ಪ ಏನೂ ಆಗದವನಂತೆ ಬೈಬಲ್ಲಿನ ಕೀರ್ತನೆ ಹೇಳುತ್ತಿದ್ದ. ಎಲ್ಲಕ್ಕಿಂತ ಉದ್ದದ ಕೀರ್ತನೆ. ಕಾಂಕ್ರೀಟು ರಸ್ತೆಯ ಬೆಸುಗೆಗಳ ಮೇಲೆ ಗಾಲಿ ಹಾಯುವ ದಡ್ ದಡ್ ಸದ್ದಿಗೆ ಸರಿಯಾಗಿ ಒಂದೊಂದು ಪದ ಬೀಳುತ್ತಿತ್ತು. ಫೆನ್ನಾ ಪಕ್ಕದಲ್ಲಿ ಕೂತು ಕೇಳಿ ಕೇಳಿ ಅರ್ಧ ಕಲಿತು ತಾನೂ ದನಿಗೂಡಿಸಿ ಕೊನೆಯ ಪದ ಬಂದಾಗ ಅಜ್ಜನ ಮೊಣಕಾಲು ತಟ್ಟುತ್ತಿದ್ದಳು. "ಅಜ್ಜಂಗೆ ಇಷ್ಟುದ್ದ ಬಾಯಿಪಾಠ ಬರುತ್ತೆ ಅಪ್ಪ, ನಿನ್ನ ಹೆಸರು ಮಾತ್ರ ಬರಲ್ಲ," ಎಂದು ನಕ್ಕಿದ್ದಳು. ಅದು ನಿಜ. ಅಪ್ಪ ಅವನನ್ನು ರೂಲೋಫ್ ಎಂದು ಕರೆಯುತ್ತಿದ್ದ. ರೂಲೋಫ್ ಅಪ್ಪನ ಅಣ್ಣ, ಸತ್ತು ಎಷ್ಟೋ ವರ್ಷ. ಅವಳಿಗೆ ಅದು ಆಟ. ತನ್ನ ಬೆನ್ನ ಮೇಲೆ ಹೊಲಿದ ಹಾಗಿರುವ ಆ ಸಾಲುಗಳನ್ನು ತನ್ನ ಮಗಳು ಚಪ್ಪಾಳೆ ತಟ್ಟಿಕೊಂಡು ಕಲಿಯುತ್ತಿದ್ದಾಳೆ ಎಂದು ಅವನಿಗೆ ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಂದಿತ್ತು.

ಅಪ್ಪನನ್ನು ಕರೆದುಕೊಂಡು ಬರಬೇಕಾಗಿಯೇ ಇರಲಿಲ್ಲ. ಒಂದು ವಾರ ವೃದ್ಧಾಶ್ರಮದಲ್ಲಿ ಬಿಡಬಹುದಿತ್ತು, ಲಿಡ್ವೀನ್ ಹಾಗೆಯೇ ಅಂದಿದ್ದಳು. ಪಾಪ, ಅವರಿಗೂ ಗಾಳಿ ಬದಲಾಗಲಿ ಎಂದು ಹಟ ಹಿಡಿದವನು ಗೆರ್ಬೆನ್. ಗಾಳಿಗಲ್ಲ. ಈ ಗೇಟಿನ ಎದುರು ಅಪ್ಪನನ್ನು ತಂದು ನಿಲ್ಲಿಸಬೇಕಿತ್ತು. ನಿಲ್ಲಿಸಿ, ಅವನ ಬಾಯಿಂದ ಒಂದು ಮಾತು ಕೇಳಬೇಕಿತ್ತು. ತಪ್ಪಾಯಿತು ಎನ್ನುವುದು ಬೇಡ, ಅಷ್ಟು ದೊಡ್ಡದು ಆ ಬಾಯಿಂದ ಎಂದೂ ಬಿದ್ದದ್ದಲ್ಲ. ಅವತ್ತು ನಿನಗೆ ಬೇಜಾರಾಗಿತ್ತು ಅಲ್ವಾ ಎಂದರೂ ಸಾಕಿತ್ತು. ಅಪ್ಪನ ತಲೆಯಿಂದ ಒಂದೊಂದೇ ವಸ್ತು ಹೊರಬೀಳುತ್ತಿತ್ತು, ತೂತಾದ ಚೀಲದಿಂದ ಬೀಳುವ ಹಾಗೆ. ಆ ಭಾನುವಾರವೂ ಬಿದ್ದುಹೋಗುವ ಮೊದಲು ಹೇಳಿಸಬೇಕಿತ್ತು.

ಆಗ ಅವನಿಗೂ ಹತ್ತು ವರ್ಷ. ಕ್ಯಾರವಾನು ದೊಡ್ಡಪ್ಪ ರೂಲೋಫನದು, ಬೇಡಿ ತಂದದ್ದು. ಹಸುಗಳ ಹಾಲು ಕರೆಯುವುದನ್ನು ಪಕ್ಕದ ಮನೆಯವನಿಗೆ ವಹಿಸಿ, ಹುಟ್ಟಿದ ಮೇಲೆ ಮೊದಲ ಸಲ ಅಪ್ಪ ಊರಿನ ಗಡಿ ದಾಟಿದ್ದ. ಇಡೀ ಚಳಿಗಾಲ ಹುಡುಗ ಇದೇ ಪಾರ್ಕಿನ ಬಣ್ಣದ ಚಿತ್ರವನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದ್ದ. ಅಪ್ಪ ದಾರಿ ಲೆಕ್ಕ ಹಾಕಿದ್ದು ಒಂದೇ ಆಧಾರದ ಮೇಲೆ, ಭಾನುವಾರ ಗಾಲಿ ಉರುಳಬಾರದು. ಶನಿವಾರ ಸೂರ್ಯ ಮುಳುಗುವುದರೊಳಗೆ ತಲುಪಬೇಕು. ತಲುಪಿದರು. ಟಿಕೆಟ್ಟಿನ ಕಿಟಕಿ ಆಗಷ್ಟೇ ಮುಚ್ಚಿತ್ತು. ಸೋಮವಾರ ಬೆಳಿಗ್ಗೆ ಹೊರಟರಷ್ಟೇ ಹಾಲು ಕರೆಯುವವನಿಗೆ ಕೊಟ್ಟ ಮಾತು ಉಳಿಯುತ್ತಿತ್ತು. ಗಾಲಿ ಉರುಳಬಾರದ ದಿನವನ್ನು ಅಷ್ಟು ಜೋಪಾನ ಮಾಡಿದ ಮನುಷ್ಯ, ಆ ದಿನವೇ ಪ್ರಯಾಣದ ನಟ್ಟನಡುವೆ, ಗೇಟಿನ ಎದುರಿಗೇ ಬಂದು ಕೂರುತ್ತದೆ ಎಂಬುದನ್ನು ನೋಡಲೇ ಇಲ್ಲ. ಅಥವಾ ನೋಡಿದ್ದನೇ? ಇದು ಗೆರ್ಬೆನ್‌ಗೆ ಹಲವು ವರ್ಷಗಳ ನಂತರ, ಬಚ್ಚಲಲ್ಲಿ ಗಡ್ಡ ಹೆರೆಯುತ್ತಿದ್ದಾಗ ಹೊಳೆದು, ಕೆನ್ನೆ ಕೊಯ್ದುಕೊಂಡಿದ್ದ. ಭಾನುವಾರವೂ ಹಸು ಕರೆಯುತ್ತಿದ್ದರು ಊರಲ್ಲಿ. ಹಸುವಿಗೆ ವಾರ ಗೊತ್ತಾಗಲ್ಲ, ಕೆಚ್ಚಲು ಬಿಗಿದರೆ ನೋವಾಗುತ್ತೆ, ಅದಕ್ಕೆ ದೇವರ ಅಪ್ಪಣೆ ಇದೆ ಎನ್ನುತ್ತಿದ್ದ ಅಪ್ಪ. ಹಸುವಿನ ಕೆಚ್ಚಲಿಗಿದ್ದ ಅಪ್ಪಣೆ ಹತ್ತು ವರ್ಷದ ಹುಡುಗನಿಗೆ ಇರಲಿಲ್ಲ.

"ಏಳಿ ಮಾವ, ಕೋಟು ಹಾಕ್ಕೊಳ್ಳಿ, ಗೇಟು ತೆಗೀತಾರೆ ಈಗ," ಎಂದು ಲಿಡ್ವೀನ್ ಮುದುಕನ ತೋಳನ್ನು ಕೋಟಿನ ತೋಳಿನೊಳಗೆ ತೂರಿಸಿದಳು. ಆಸ್ಪತ್ರೆಯ ಕೈ, ಕೇಳುವುದಿಲ್ಲ, ಮಾಡಿಬಿಡುತ್ತದೆ. ಗಾಲಿಕುರ್ಚಿಯನ್ನು ಫೆನ್ನಾ ಹುಲ್ಲಿನ ಮೇಲೆ ಬಿಚ್ಚಿ ತಾನೇ ಅದರಲ್ಲಿ ಕೂತು ಸುತ್ತು ಹೊಡೆಯುತ್ತಿದ್ದಳು. ನಾಲ್ಕು ಟಿಕೆಟ್ಟು ಗೆರ್ಬೆನ್‌ನ ಫೋನಿನಲ್ಲಿದ್ದವು. ಮುದುಕ ಎದ್ದ. ಮೆಟ್ಟಿಲ ಬಳಿ ಬಂದವನು ಬಾಗಿಲಿನ ಚೌಕಟ್ಟು ಹಿಡಿದು ನಿಂತು, ಈ ಸಲ ಗಾಜಿಗಲ್ಲ, ನೇರ ಮಗನ ಮುಖ ನೋಡಿ ಕೇಳಿದ: "ಇವತ್ತು ಯಾವ ವಾರ?"

ಆ ಕಣ್ಣುಗಳಲ್ಲಿ ಒಂದು ಕ್ಷಣ ಹಳೆಯ ಅಪ್ಪ ಇದ್ದ. ತೆಳ್ಳಗಿನ, ನೀಲಿಯ, ಸುಳ್ಳು ಹೇಳಿದರೆ ನಾಲಗೆಯಡಿ ಕಾಣುತ್ತದೆ ಎಂದು ನಂಬಿಸಿದ್ದ ಕಣ್ಣುಗಳು. ಗೆರ್ಬೆನ್ ಚರ್ಚಿನ ಹೊಸಿಲು ತುಳಿಯದೆ ವರ್ಷಗಳಾಗಿದ್ದವು. ಬೇಕೆಂದೇ ಭಾನುವಾರ ಹುಲ್ಲು ಕತ್ತರಿಸುವ ಯಂತ್ರ ತೆಗೆದು, ಕಪ್ಪು ಕೋಟಿನಲ್ಲಿ ಪ್ರಾರ್ಥನೆಗೆ ಹೋಗುವ ನೆರೆಯವರು ನೋಡಲಿ ಎಂದು ಅಂಗಳದಲ್ಲಿ ಓಡಿಸುವವನು. ಶನಿವಾರ ಎನ್ನುವುದು ಎಷ್ಟರ ಮಾತು. ಬಾಯಿ ತೆರೆದ. ಆ ಸುಳ್ಳು ಬರಲಿಲ್ಲ. ತಾನು ಹೇಳದೆ ಹೋದದ್ದು ಹೆದರಿಕೆಯಿಂದಲೋ, ಇಲ್ಲ, ಅಪ್ಪ ಗೊತ್ತಿದ್ದೂ ಗೊತ್ತಿದ್ದೂ ಈ ಗೇಟು ದಾಟಲಿ ಎಂಬ ಆಸೆಯಿಂದಲೋ ಅವನಿಗೆ ಆಮೇಲೂ ತಿಳಿಯಲಿಲ್ಲ.

"ಭಾನುವಾರ, ಅಪ್ಪ."

ಲಿಡ್ವೀನ್‌ಳ ಕೈ ಗುಂಡಿಯ ಮೇಲೆ ನಿಂತಿತು. ಮುದುಕ ಕೋಟು ಬಿಚ್ಚಲಿಲ್ಲ; ಮೇಲಿನ ಗುಂಡಿಯನ್ನೂ ತಾನೇ ಹಾಕಿಕೊಂಡು, ವಾಪಸ್ಸು ಬಂದು ಮೇಜಿನ ಹಿಂದೆ ಕೂತ.

"ಹಾಗಾದ್ರೆ ಬಾಗಿಲು ಹಾಕು," ಎಂದ. "ಪರದೆ ಎಳಿ."

ಅದೇ ಮಾತು, ಅದೇ ಏರಿಳಿತವಿಲ್ಲದ ದನಿ. ಮಗನ ಹೆಸರು ಮರೆತವನು ಇದನ್ನು ಮರೆತಿರಲಿಲ್ಲ. ಗೆರ್ಬೆನ್‌ನ ಅಂಗೈಗಳು ಬಿಸಿಯಾದವು. ಲಿಡ್ವೀನ್ ಅವನ ತೋಳು ಹಿಡಿದು ಹುಲ್ಲಿಗೆ ಎಳೆದುಕೊಂಡು ಬಂದಳು.

"ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೇರವಾಗಿ ಕೇಳಿದ್ರು."

"ನನ್ನನ್ನೂ ನೇರವಾಗೇ ಕೇಳ್ತಾರೆ. ದಿನಕ್ಕೆ ಹತ್ತು ಸಲ ಅತ್ತೆ ಎಲ್ಲಿ ಅಂತ ಕೇಳ್ತಾರೆ. ಹಿತ್ತಲಲ್ಲಿ ಬಟ್ಟೆ ಒಣಗಿಸ್ತಿದ್ದಾರೆ ಅಂತೀನಿ. ಸತ್ತುಹೋದ್ರು ಅಂತ ಹತ್ತು ಸಲ ಹೇಳಿ ಹತ್ತು ಸಲ ಅಳಿಸ್ಲಾ?" ಅವಳು ದನಿ ತಗ್ಗಿಸಿದಳು. ಪಕ್ಕದ ಡೇರೆಯವನು ಕಾಫಿ ಲೋಟ ಹಿಡಿದು ಇತ್ತಲೇ ಕಿವಿ ಕೊಟ್ಟಿದ್ದ. "ನಮ್ಮಪ್ಪ ಚರ್ಚಲ್ಲಿ ಭಾನುವಾರದ ಪೂಜೆ ಮುಗಿಸಿ ಪಾದ್ರಿಗಿಂತ ಮೊದಲು ಬಿಯರ್ ಅಂಗಡಿ ಸೇರ್ತಿದ್ದ, ಅವನಿಗೂ ಮೋಕ್ಷ ಸಿಕ್ಕಿದೆ ಅಂದ್ಕೊಂಡಿದ್ದೀನಿ. ನಿಮ್ಮ ಕಡೆ ದೇವರಿಗೆ ವಾರ ಎಣಿಸೋದು ಬಿಟ್ಟು ಬೇರೆ ಕೆಲಸಾನೇ ಇಲ್ವಾ?"

"ನನಗೆ ಯಾವ ದೇವರೂ ಇಲ್ಲ."

"ಅದೇ ನೋಡು ಆಶ್ಚರ್ಯ. ದೇವರು ಬಿಟ್ಟುಹೋದ ಮೇಲೂ ಭಾನುವಾರ ಬಿಟ್ಟಿಲ್ಲ ನಿನ್ನನ್ನ."

ಫೆನ್ನಾ ಗಾಲಿಕುರ್ಚಿಯಲ್ಲಿ ಕೂತೇ ಇಬ್ಬರನ್ನೂ ನೋಡುತ್ತಿದ್ದಳು. "ಅಪ್ಪ, ನೀನು ಬರಲ್ವಾ?"

"ಅಜ್ಜನ್ನ ಯಾರು ನೋಡ್ಕೋತಾರೆ?"

"ನೋಡ್ಕೊಳ್ಳೋಕಲ್ಲ ಅವನು ಕೂರೋದು," ಎಂದಳು ಲಿಡ್ವೀನ್ ಮಗಳಿಗೆ, ಗಂಡನಿಗೆ ಕೇಳುವ ಹಾಗೆ. "ಕಾಯೋಕೆ. ಬಾ, ಹೋಗೋಣ. ಫೋನಲ್ಲಿ ಎರಡು ಟಿಕೆಟ್ಟು ಕಳಿಸು ಮಾರಾಯ."

ಅವರು ಬೇಲಿಯ ಪಕ್ಕದ ದಾರಿಯಲ್ಲಿ ಹೋದರು. ಮಗಳು ಒಂದು ಸಲ ತಿರುಗಿ ಕೈ ಎತ್ತಿದಳು, ಆಮೇಲೆ ಓಡಲು ಶುರುಮಾಡಿದಳು. ಓಡಬೇಕಾದದ್ದೇ, ಯಾಕೆ ಓಡಬಾರದು ಎಂದುಕೊಂಡ. ಆದರೂ ಅವಳು ಇನ್ನೆರಡು ಹೆಜ್ಜೆ ನಿಧಾನವಾಗಿ ಹೋಗಬಹುದಿತ್ತು. ಗಾಲಿಕುರ್ಚಿ ಖಾಲಿ ಕೂತಿತ್ತು. ಅದನ್ನು ಮಡಿಸದೆ ಒಳಗೆ ಬಂದು ಬಾಗಿಲು ಹಾಕಿದ. ಪರದೆಗಳನ್ನು ಎಳೆದ. ಯಾಕೆ ಎಳೆದೆ ಎಂದು ಕೇಳಿಕೊಳ್ಳುವಷ್ಟರಲ್ಲಿ ಕೊನೆಯದನ್ನೂ ಎಳೆದಾಗಿತ್ತು. ಬಟ್ಟೆಯ ಕಿತ್ತಳೆ ಬಣ್ಣ ಅಪ್ಪನ ಮುಖದ ಮೇಲೂ ಮೇಜಿನ ಮೇಲೂ ಬಿತ್ತು, ದೊಡ್ಡಪ್ಪನ ಕ್ಯಾರವಾನಿನಲ್ಲಿ ಅದು ಕಂದು. ಅವತ್ತು ಅಮ್ಮ ನೀರಿನಲ್ಲಿಟ್ಟ ಆಲೂಗಡ್ಡೆಯ ಪಾತ್ರೆ ಕಾಲಿನ ಬಳಿ, ಅವನು ಕಾಲು ಅಲ್ಲಾಡಿಸಿದರೆ ನೀರು ತುಳುಕುತ್ತಿತ್ತು. ಪರದೆಯ ಆಚೆ ಹಳಿಯ ಮೇಲೆ ಸರಪಳಿ ಕಟ ಕಟ ಎಂದು ಗಾಡಿಯನ್ನು ಮೇಲೆಳೆಯುವುದು, ತುದಿಯಲ್ಲಿ ಒಂದು ಉಸಿರಿನಷ್ಟು ಮೌನ, ಆಮೇಲೆ ನೂರು ಗಂಟಲುಗಳ ಕಿರುಚು ಇಳಿಜಾರಿನಲ್ಲಿ ಸುರಿಯುವುದು. ಕಣ್ಣಿಗೆ ಪರದೆ ಹಾಕಿದ ಅಪ್ಪನಿಗೆ ಕಿವಿಗೆ ಹಾಕುವ ಪರದೆ ಗೊತ್ತಿರಲಿಲ್ಲ, ಅದಕ್ಕೇ ಕೀರ್ತನೆ ಹೇಳಿಸಿದ. ತಾನೊಂದು ಸಾಲು, ಹುಡುಗ ಒಂದು ಸಾಲು. ಅವರ ಚರ್ಚಿನಲ್ಲಿ ಹಾಡುವ ಹಾಗೆ, ಒಂದೊಂದು ಅಕ್ಷರಕ್ಕೂ ಒಂದೊಂದು ಪೂರ್ತಿ ಉಸಿರು. ಕಿರುಚು ಬಂದ ಕೂಡಲೇ ಹುಡುಗನ ಸಾಲು ತಪ್ಪುತ್ತಿತ್ತು. "ಮೊದಲಿಂದ," ಎನ್ನುತ್ತಿದ್ದ ಅಪ್ಪ. ಬೈಗುಳವಿಲ್ಲ, ಏಟಿಲ್ಲ. ಮೊದಲಿಂದ. ಬೈದಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹುಡುಗ ಚಡ್ಡಿ ಒದ್ದೆ ಮಾಡಿಕೊಂಡಿದ್ದ, ಹತ್ತು ವರ್ಷದವನು, ನಡುವೆ ಏಳುತ್ತೇನೆ ಎನ್ನಲು ಬಾಯಿ ಬಾರದೆ. ಅಮ್ಮ ನೋಡಿಯೂ ನೋಡದವಳಂತೆ ಆಲೂಗಡ್ಡೆಯ ನೀರನ್ನು ಕೈತಪ್ಪಿ ಚೆಲ್ಲಿದ ಹಾಗೆ ಅವನ ಕಾಲ ಮೇಲೆ ಚೆಲ್ಲಿದಳು. ಆಮೇಲೆ ಮೇಜಿನಡಿಯಿಂದ ಒಂದು ಪೆಪ್ಪರ್‌ಮಿಂಟ್ ಅವನ ಅಂಗೈಗೆ ಒತ್ತಿದಳು. ಪಾದ್ರಿಯ ಪ್ರವಚನದ ಹೊತ್ತಿನಲ್ಲಿ ಚರ್ಚಿನ ಬೆಂಚಿನುದ್ದಕ್ಕೂ ಕೈಯಿಂದ ಕೈಗೆ ಸಾಗಿಬರುವ ಅದೇ ಬಿಳಿ ಬಿಲ್ಲೆ. ಆ ಮನೆಯಲ್ಲಿ ಪ್ರೀತಿ ಎನ್ನುವುದೆಲ್ಲ ಅಷ್ಟು ದಪ್ಪ, ಅಷ್ಟು ಅಗಲ.

ಈಗ ಹೊರಗೆ ಸರಪಳಿಯ ಸದ್ದು ಶುರುವಾಯಿತು. ಮೊದಲ ಗಾಡಿ. ಫೆನ್ನಾ ಅದರಲ್ಲಿ ಇರಬಹುದು, ಇರಲಾರಳು, ಇಷ್ಟು ಬೇಗ ಸಾಲು ಕರಗುವುದಿಲ್ಲ.

ಅಪ್ಪ ಕೈ ಜೋಡಿಸಿಕೊಂಡು ಆರಂಭಿಸಿದ. ಮೊದಲ ಸಾಲು. ನಿಲ್ಲಿಸಿ ಕಾದ. ಎರಡನೆಯ ಸಾಲು ಗೆರ್ಬೆನ್‌ನ ಗಂಟಲಿಗೆ ತಾನಾಗಿ ಬಂದು ನಿಂತಿತು, ಕರೆಯದೆ ಬಂದ ನೆಂಟನ ಹಾಗೆ. ಅವನು ಹಲ್ಲು ಕಚ್ಚಿದ. ಅಪ್ಪ ಇನ್ನಷ್ಟು ಕಾದು ಅದನ್ನೂ ತಾನೇ ಹೇಳಿದ, ಮೂರನೆಯದನ್ನೂ ಹೇಳಿದ. ಆಗ ಹೊರಗೆ ಕಿರುಚು ಸುರಿಯಿತು. ಮುದುಕನ ತುಟಿ ನಿಂತಿತು. ಕಣ್ಣು ಮೇಜಿನ ಮೇಲೆಲ್ಲ ಹುಡುಕಿತು.

"ಮುಂದೆ ಏನು?"

"ಗೊತ್ತಿಲ್ಲ," ಎಂದ ಗೆರ್ಬೆನ್. ಗೊತ್ತಿತ್ತು. ಅಲ್ಲಿಂದ ಕೊನೆಯವರೆಗೂ ಗೊತ್ತಿತ್ತು. "ಮೊದಲಿಂದ ಹೇಳಿ."

ಮುದುಕ ತಲೆಯಾಡಿಸಿ ಮೊದಲಿಂದ ಹೇಳಿದ. ಮತ್ತೆ ಸರಪಳಿ, ಮತ್ತೆ ಮೌನ, ಮತ್ತೆ ಕಿರುಚು, ಮತ್ತೆ ಸಾಲು ಕಡಿಯಿತು. "ಮೊದಲಿಂದ," ಎಂದ ಮಗ. ದನಿ ತನ್ನದೆನಿಸಲಿಲ್ಲ, ಆದರೆ ಎಲ್ಲಿಂದ ಬರುತ್ತಿದೆ ಎಂದು ಚೆನ್ನಾಗಿ ಗೊತ್ತಿತ್ತು. ಅಪ್ಪ ಮತ್ತೆ ಹೇಳಿದ. ಕೋಟಿನ ಮೇಲಿನ ಗುಂಡಿ ಕತ್ತನ್ನು ಒತ್ತುತ್ತಿತ್ತು. ಹಣೆಯ ಮೇಲೆ ಬೆವರು. ಅಷ್ಟು ವಿಧೇಯನಾಗಿ, ಪಾಠ ಒಪ್ಪಿಸುವ ಹುಡುಗನ ಹಾಗೆ ಅವನು ಮತ್ತೆ ಮತ್ತೆ ಮೊದಲಿಗೆ ಹೋಗುತ್ತಿದ್ದುದನ್ನು ನೋಡಿ ಗೆರ್ಬೆನ್‌ಗೆ ಬರಬೇಕಾಗಿದ್ದ ಸುಖ ಬರಲಿಲ್ಲ. ನಾಚಿಕೆಯಾಯಿತು, ನಾಚಿಕೆಯಾಯಿತೆಂದು ಇನ್ನೂ ಸಿಟ್ಟು ಬಂತು. ಇದನ್ನು ಕೂಡ ತನಗೆ ದಕ್ಕಗೊಡುವುದಿಲ್ಲ ಈ ಮನುಷ್ಯ. ಸಾಲ ತೀರಿಸಿಕೊಳ್ಳಲು ಬಂದರೆ, ಮನೆ ಬೀಗ ಹಾಕಿಕೊಂಡು ಹೋಗಿದ್ದಾನೆ, ಜಗಲಿಯ ಮೇಲೆ ಯಾವುದೋ ಮಗುವನ್ನು ಕೂರಿಸಿ.

"ಸಾಕು," ಎಂದು ಬಾಗಿ ಆ ಗುಂಡಿಯನ್ನು ಬಿಚ್ಚಿದ. ಮುದುಕನ ಕತ್ತಿನ ಚರ್ಮ ಬೆಚ್ಚಗಿತ್ತು. "ಅಪ್ಪ, ಇಲ್ಲಿಗೆ ಮುಂಚೆ ಬಂದಿದ್ದೀವಿ. ಇದೇ ಜಾಗ. ನೆನಪಿದೆಯಾ?"

"ರೂಲೋಫನ ಕ್ಯಾರವಾನು," ಎಂದ ಅಪ್ಪ, ತಟ್ಟನೆ.

ಗೆರ್ಬೆನ್ ಎದುರಿನ ಸೀಟಿನಲ್ಲಿ ಕೂತ. ಅವಸರ ಮಾಡಬಾರದು. "ಹೌದು. ಶನಿವಾರ ಸಂಜೆ ಬಂದ್ವಿ. ಅಮ್ಮ ಆಲೂಗಡ್ಡೆ ಸುಲಿದು ಇಟ್ಟಿದ್ರು. ಮಾರನೇ ದಿನ ಏನಾಯ್ತು?"

"ಮಾರನೇ ದಿನ." ಅಪ್ಪ ನಕ್ಕ. ಅವನಿಗೆ ಹಲ್ಲಿನ ಸೆಟ್ಟು ಹಾಕಲು ಯಾರೂ ನೆನಪಿಟ್ಟಿರಲಿಲ್ಲ. ಒಸಡಿನ ಆ ನಗು ಗೆರ್ಬೆನ್ ಹಿಂದೆಂದೂ ನೋಡಿದ್ದಲ್ಲ. "ಮಾರನೇ ದಿನ ಒಳಗೆ ಹೋದ್ವಲ್ಲ. ಹುಡುಗನ್ನ ಕರ್ಕೊಂಡು. ಆ ಗಾಡಿ ಹತ್ತಿದ್ವಿ, ಮೇಲೆ ಹೋಗುತ್ತಲ್ಲ, ಅದು. ಮುಂದಿನ ಸೀಟೇ ಬೇಕು ಅಂದ ಅವನು. ನಾನು ಪಕ್ಕದಲ್ಲಿ. ಏನು ಕಿರುಚಿದ ಅಂತೀಯ. ನನ್ನ ಕೈ ಹಿಡ್ಕೊಂಡಿದ್ದು ಬಿಡಲೇ ಇಲ್ಲ. ಉಗುರಿನ ಗುರುತು ಬಿದ್ದಿತ್ತು ಇಲ್ಲಿ." ಮಣಿಕಟ್ಟು ತಿರುಗಿಸಿ ತೋರಿಸಿದ. ಅಲ್ಲಿ ನೀಲಿ ನರ, ಕಂದು ಮಚ್ಚೆಗಳು, ಬೇರೇನೂ ಇರಲಿಲ್ಲ.

"ಹೋಗಲಿಲ್ಲ ಅಪ್ಪ. ಇಡೀ ದಿನ ಒಳಗೇ ಕೂತಿದ್ವಿ. ಪರದೆ ಹಾಕ್ಕೊಂಡು."

"ಯಾರು?"

"ನಾವು. ನೀವು ಕೂರಿಸಿದ್ರಿ."

"ಇಲ್ಲಪ್ಪ," ಎಂದ ಮುದುಕ ಸಮಾಧಾನದಿಂದ, ತಪ್ಪು ವಿಳಾಸ ಕೇಳಿದವನಿಗೆ ಹೇಳುವ ಹಾಗೆ. "ಅಷ್ಟು ದೂರದಿಂದ ಹುಡುಗನ್ನ ಕರ್ಕೊಂಡು ಬಂದು ಒಳಗೆ ಕೂರಿಸ್ತಾರಾ ಯಾರಾದ್ರೂ? ಯಾವನು ಹಾಗೆ ಮಾಡ್ತಾನೆ?"

ಗೆರ್ಬೆನ್ ಕೇಳಬೇಕೆಂದು ಬಂದ ಮಾತು ಇದೇ. ಇದಕ್ಕಿಂತ ಸ್ಪಷ್ಟವಾಗಿ ಯಾವ ಅಪ್ಪನೂ ಹೇಳಲಾರ. ಆದರೆ ಅದನ್ನು ಹೇಳಿದವನು ಆ ಹುಡುಗನನ್ನು ಗಾಡಿ ಹತ್ತಿಸಿ ಇಳಿಸಿ ಮುಗಿಸಿಬಿಟ್ಟಿದ್ದ. ಅವನಲ್ಲಿ ಎಲ್ಲವೂ ಸರಿಹೋಗಿತ್ತು. ಒದ್ದೆಯಾದ ಚಡ್ಡಿ ಇಲ್ಲ, ಪರದೆ ಇಲ್ಲ, ಮೊದಲಿಂದ ಎಂಬುದಿಲ್ಲ. ಕೈ ಹಿಡಿದುಕೊಂಡ ಒಂದು ಮಗು, ಅಷ್ಟೇ. ಇನ್ನು ಆ ಭಾನುವಾರ ನಡೆದದ್ದು ಲೋಕದಲ್ಲಿ ಗೆರ್ಬೆನ್ ಒಬ್ಬನಿಗೇ. ಅಮ್ಮ ಮಣ್ಣಿನಡಿ. ತಾನು ಕೂಡ ಸುಳ್ಳು ಹೇಳುತ್ತಿದ್ದೇನೇನೋ ಎಂಬಂತೆ ಒಂದು ಕ್ಷಣ ಅನಿಸಿದ್ದೇ, ಕಾಲಿನಿಂದ ಬೆಂಕಿ ಏರಿದ ಹಾಗೆ ಕೋಪ ಏರಿತು. ಕದ್ದದ್ದೂ ಅವನೇ, ಈಗ ಕದ್ದದ್ದನ್ನು ಕೊಟ್ಟಂತೆ ನೆನಪಿಟ್ಟುಕೊಂಡವನೂ ಅವನೇ.

ಸರಪಳಿ ಮತ್ತೆ ಶುರುವಾಯಿತು. ಕಟ ಕಟ ಕಟ. ಮುದುಕ ಕಿವಿಯೆತ್ತಿ, ಬಾಯಿ ಅರೆ ತೆರೆದು ಕೇಳಿದ. ತುದಿಯ ಆ ಮೌನದಲ್ಲಿ ಅವನೂ ಉಸಿರು ಹಿಡಿದ. ಕಿರುಚು ಇಳಿಯುವಾಗ ಅವನ ಭುಜಗಳು ಇಳಿದವು. ಪರದೆಯ ಅಂಚನ್ನು ಬೆರಳಿನಿಂದ ಸರಿಸಿ ನೋಡಿದ. ಕೆನ್ನೆಯ ಮೇಲೆ ಬಿಳಿ ಬೆಳಕಿನ ಒಂದು ಗೀಟು ಬಿತ್ತು. ಹೊರಗೆ ಹುಲ್ಲಿನ ಮೇಲೆ ಗಾಲಿಕುರ್ಚಿ ಬಿಚ್ಚಿಕೊಂಡೇ ನಿಂತಿತ್ತು. ಗೇಟು ಕೂಗಿದರೆ ಕೇಳುವಷ್ಟು ಹತ್ತಿರ. ಎರಡು ಟಿಕೆಟ್ಟು ಇನ್ನೂ ಫೋನಿನಲ್ಲಿದ್ದವು.

"ರೂಲೋಫ್," ಎಂದ ಅಪ್ಪ. ಆಮೇಲೆ ಮುಖವನ್ನು ದಿಟ್ಟಿಸಿ, ಕಷ್ಟಪಟ್ಟು, ಆಳದ ಬಾವಿಯಿಂದ ಸೇದಿದ ಹಾಗೆ, "ಗೆರ್ಬೆನ್," ಎಂದ.

ಕೋಟಿನ ಜೇಬಿಗೆ ಕೈ ಹಾಕಿದ. ಬಹಳ ಹೊತ್ತು ತಡಕಾಡಿ ಒಂದು ಪೆಪ್ಪರ್‌ಮಿಂಟ್ ತೆಗೆದ. ನೂಲಿನ ಜುಂಗು ಅಂಟಿ ಬೂದಿ ಬಣ್ಣಕ್ಕೆ ತಿರುಗಿದ್ದ ಬಿಲ್ಲೆ, ಯಾವ ಭಾನುವಾರದ್ದೋ. ಅದನ್ನು ಮೇಜಿನ ಮೇಲಿಂದಲ್ಲ, ಮೇಜಿನಡಿಯಿಂದ, ಯಾರಿಗೂ ಕಾಣದ ಹಾಗೆ, ಮಗನ ಅಂಗೈಗೆ ಒತ್ತಿ, ಬೆರಳುಗಳನ್ನು ಮಡಿಚಿದ.

"ಇನ್ನೊಂದು ಸಲ ಕರ್ಕೊಂಡು ಹೋಗ್ತೀಯಾ?" ಎಂದ. "ಮುಂದಿನ ಸೀಟು ಬೇಡ. ಹಿಂದೆ ಕೂರ್ತೀನಿ. ಗಲಾಟೆ ಮಾಡಲ್ಲ."

ಬಿಲ್ಲೆ ಗೆರ್ಬೆನ್‌ನ ಬಿಸಿ ಅಂಗೈಯಲ್ಲಿ ಕರಗಿ ಅಂಟತೊಡಗಿತು. ಅವನು ಕೈ ಚಾಚಿ, ಅಪ್ಪ ಸರಿಸಿದ್ದ ಪರದೆಯನ್ನು ಮತ್ತೆ ಎಳೆದ.

"ಇಲ್ಲ," ಎಂದ. "ಇವತ್ತು ಭಾನುವಾರ."